ಸೊನ್ನೆಯನ್ನೂ ಬರೆಯುವ ಲೆಕ್ಕ

ಸಿರಕ್ಯೂಸ್ (ಅಮೆರಿಕ), ಮೇ 4

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಪೆರ್ಲದ ಮನೆಯಲ್ಲಿ ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಕಳೆದ ವಾರ, ರಜೆಯ ದಿನವಿಡೀ ಗಿಡುಗಗಳನ್ನು ಎಣಿಸುತ್ತ ಕುಳಿತಿದ್ದೆನೆಂದು ಫೋನಿನಲ್ಲಿ ಹೇಳಿದಾಗ ನೀವು, "ಎಣಿಸಿ ಮಾರುವುದಕ್ಕುಂಟೋ?" ಎಂದು ನಕ್ಕಿರಿ. ಆಗ ಉತ್ತರ ತೋಚಲಿಲ್ಲ. ಅದಕ್ಕಾಗಿ ಈ ಪತ್ರ.

ಇಲ್ಲಿಂದ ಉತ್ತರಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆ ಹೋದರೆ ಒಂಟಾರಿಯೊ ಸರೋವರದ ಆಗ್ನೇಯ ಮೂಲೆಯಲ್ಲಿ ಡರ್ಬಿ ಹಿಲ್ ಎಂಬ ಗುಡ್ಡೆಯಿದೆ. ಸರೋವರವೆಂದರೆ ಅನಂತಪುರದ ಕೆರೆಯನ್ನು ನೆನೆಯಬೇಡಿ. ಪೂರ್ವ ಪಶ್ಚಿಮವಾಗಿ 300 ಕಿಲೋಮೀಟರಿಗೂ ಉದ್ದವಿರುವ ಇದರ ದಡದಲ್ಲಿ ನಿಂತರೆ ಬೇಕಲದ ಕಡಲಿನಂತೆಯೇ ಆಚೆ ದಡ ಕಾಣದು. ದಕ್ಷಿಣದಲ್ಲಿ ಚಳಿಗಾಲ ಕಳೆದ ಹಕ್ಕಿಗಳು ಮರಿ ಮಾಡಲು ಉತ್ತರದ ಕಾಡುಗಳಿಗೆ ಹಿಂದಿರುಗುವ ಕಾಲವಿದು. ದೂರದ ಪ್ರಯಾಣದಲ್ಲಿ ಗಿಡುಗ ರೆಕ್ಕೆ ಬಡಿದು ದಣಿಯಲು ಒಪ್ಪುವುದಿಲ್ಲ; ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಸುತ್ತುತ್ತ ಮೇಲೇರಿ, ಅಲ್ಲಿಂದ ಮುಂದಕ್ಕೆ ಜಾರಿ, ಇನ್ನೊಂದು ಬಿಸಿಗಾಳಿಯನ್ನು ಹಿಡಿಯುತ್ತದೆ. ವಸಂತದಲ್ಲಿ ಸರೋವರದ ನೀರು ಕೊರೆಯುವಷ್ಟು ತಣ್ಣಗಿರುವುದರಿಂದ ಅದರ ಮೇಲೆ ಅಂತಹ ಗಾಳಿ ಏಳುವುದಿಲ್ಲ. ಹಾಗಾಗಿ ಅವು ನೀರನ್ನು ದಾಟಲು ಅಂಜಿ, ದಕ್ಷಿಣದ ದಡವನ್ನೇ ಹಿಡಿದು ಪೂರ್ವಕ್ಕೆ ಸಾಗಿ, ಈ ಮೂಲೆಯಲ್ಲಿ ಉತ್ತರಕ್ಕೆ ತಿರುಗುತ್ತವೆ. ತೋಟದ ನೀರೆಲ್ಲ ಕೊನೆಗೆ ಒಂದೇ ಕಣಿಯಲ್ಲಿ ಹರಿಯುವುದಿಲ್ಲವೇ, ಹಾಗೆ. ತೆಂಕಣ ಗಾಳಿಯ ದಿನ ಹಕ್ಕಿಗಳು ದಡಕ್ಕೆ ಒತ್ತಿ ಬರುತ್ತವೆ. ಸರೋವರದ ಕಡೆಯಿಂದ ಗಾಳಿ ತಿರುಗಿತೆಂದರೆ ಒಳನಾಡಿಗೆ ಸರಿಯುತ್ತವೆ, ನಾವೂ ಕುರ್ಚಿ ಎತ್ತಿಕೊಂಡು ದಕ್ಷಿಣದ ಬಯಲಿಗೆ ಓಡಬೇಕು.

ಮಾರ್ಚ್‌ನಲ್ಲಿ ಹಿಮ ಕರಗುವ ಮೊದಲೇ ಟರ್ಕಿ ರಣಹದ್ದುಗಳೂ ಕೆಂಬಾಲದ ಗಿಡುಗಗಳೂ ಬರತೊಡಗುತ್ತವೆ. ಏಪ್ರಿಲ್ ಕೊನೆಗೆ ಬರುವ ಅಗಲರೆಕ್ಕೆಯ ಗಿಡುಗಗಳದ್ದೇ ನಿಜವಾದ ಜಾತ್ರೆ. ಅರ್ಧ ಕಿಲೋ ತೂಗದ ಈ ಹಕ್ಕಿಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಹೊರಟು ಗುಂಪುಗಟ್ಟಿ ಬರುತ್ತವೆ. ಒಂದೇ ಬಿಸಿಗಾಳಿಯಲ್ಲಿ ನೂರಾರು ಹಕ್ಕಿಗಳು ಸುತ್ತುವಾಗ ಉರುಳಿಯಲ್ಲಿ ಪಾಯಸ ಕುದಿಯುವುದನ್ನು ನೋಡಿದಂತಾಗುತ್ತದೆ. ಇಲ್ಲಿನವರೂ ಅದಕ್ಕೆ ಪಾತ್ರೆಯ ಹೆಸರನ್ನೇ ಇಟ್ಟು 'ಕೆಟಲ್' ಎನ್ನುತ್ತಾರೆ. ಬ್ರಹ್ಮಕಲಶದ ದಿನ ಒಂದು ಗರುಡ ದೇವಸ್ಥಾನಕ್ಕೆ ಸುತ್ತು ಬಂದರೆ ಕೈಮುಗಿಯುವ ನಮ್ಮವರು ಇದನ್ನು ಕಂಡರೆ ಏನೆನ್ನುತ್ತಿದ್ದರೋ! ಸುತ್ತುವಾಗ ಎಣಿಸುವುದು ವ್ಯರ್ಥ. ಮೇಲಿನ ತುದಿಯಿಂದ ಒಂದರ ಹಿಂದೆ ಒಂದು ಜಾರಿ ಸಾಲಾಗಿ ಹೊರಡುವಾಗ ಎಣಿಸಬೇಕು. ಮೊದಲ ದಿನ ನಾನು 58 ಎಂದೆ. ಪಕ್ಕದಲ್ಲಿದ್ದ ಹಿರಿಯರು ಮುಖ ಕೆಳಗಿಳಿಸದೆಯೇ 71 ಎಂದರು. ಮೋಡವಿಲ್ಲದ ನೀಲಿ ಆಕಾಶ ಚೆಂದವೇನೋ ಹೌದು, ಆದರೆ ಎಣಿಸುವವರಿಗೆ ಅದೇ ಶತ್ರು. ಮೋಡದ ಹಿನ್ನೆಲೆಯಿಲ್ಲದೆ ಎತ್ತರದ ಹಕ್ಕಿ ಕಣ್ಣಿಗೆ ಸಿಗುವುದೇ ಇಲ್ಲ.

ಗಂಟೆಗೊಮ್ಮೆ ಗಾಳಿಯ ದಿಕ್ಕು, ಉಷ್ಣತೆ, ಮೋಡ ಮತ್ತು ಜಾತಿವಾರು ಸಂಖ್ಯೆಯನ್ನು ಬರೆಯುತ್ತಾರೆ. ಏನೂ ಬಾರದ ಗಂಟೆಗೆ ಸೊನ್ನೆ. ಆ ಸೊನ್ನೆಯನ್ನು ಕಂಡಾಗ ನನಗೆ ನಿಮ್ಮ ಮಳೆಪುಸ್ತಕದ ನೆನಪಾಯಿತು. ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆಮಾಪಕವನ್ನು ನೋಡಿ, ಹನಿ ಬೀಳದ ದಿನವೂ ಸೊನ್ನೆ ಬರೆದೇ ಕಾಫಿಗೆ ಕೂರುವ ನೀವು, ಎಣಿಸಿ ಏನಾಗಬೇಕೆಂದು ನನ್ನನ್ನು ಕೇಳಿದಿರಲ್ಲ!

ಪೆನ್ಸಿಲ್ವೇನಿಯದ ಹಾಕ್ ಮೌಂಟನ್‌ಗೆ ಹಿಂದೆ ಜನ ಹೋಗುತ್ತಿದ್ದುದು ಗಿಡುಗಗಳನ್ನು ಗುಂಡಿಟ್ಟು ಕೊಲ್ಲುವುದಕ್ಕೆ. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಮಹಿಳೆ ಆ ಬೆಟ್ಟವನ್ನು ಗುತ್ತಿಗೆಗೆ ಪಡೆದು ಬೇಟೆಯನ್ನು ನಿಲ್ಲಿಸಿದರು. ಅವರು ನೇಮಿಸಿದ ಮಾರಿಸ್ ಬ್ರೌನ್ ಶರತ್ಕಾಲದಲ್ಲಿ ದಾಟುವ ಹಕ್ಕಿಗಳನ್ನು ಎಣಿಸಿಡತೊಡಗಿದರು. ಅಲ್ಲಿ ಕಂಡ ಬೋಳು ಹದ್ದುಗಳಲ್ಲಿ 1935ರಿಂದ 1939ರವರೆಗೆ ನೂರಕ್ಕೆ 40 ಎಳೆಯವಾಗಿದ್ದರೆ, 1955ರಿಂದ 1959ರವರೆಗೆ 20 ಮಾತ್ರ. ದೊಡ್ಡವು ಹಾರುತ್ತಲೇ ಇದ್ದುದರಿಂದ ಬರಿಗಣ್ಣಿಗೆ ಕೊರತೆ ತಿಳಿಯುವಂತಿರಲಿಲ್ಲ. ಮರಿಗಳಾಗುತ್ತಿಲ್ಲವೆಂದು ಹೇಳಿದ್ದು ಎಣಿಕೆಯ ಪುಸ್ತಕ. ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತಿದ್ದ ಡಿಡಿಟಿ ಎಂಬ ಕೀಟನಾಶಕವನ್ನು ಈ ದೇಶ 1972ರಲ್ಲಿ ನಿಷೇಧಿಸಿತು.

ನಮ್ಮ ಕಾಸರಗೋಡಿನ ಎಣ್ಮಕಜೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇರುಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ವರ್ಷಗಳಲ್ಲಿ ಜೇನು ಕಡಿಮೆಯಾಯಿತು, ತೋಡಿನ ಮೀನು ಸತ್ತು ತೇಲಿತು ಎಂದು ಅಜ್ಜ ಹೇಳುತ್ತಿದ್ದರು. ಎಷ್ಟು ಎಂದು ಕೇಳಿದವರ ಮುಂದಿಡಲು ನಮ್ಮ ಮನೆಯಲ್ಲಿ ಮಳೆಯ ಅಂಕಿಗಳಲ್ಲದೆ ಬೇರೆ ಪುಸ್ತಕವಿರಲಿಲ್ಲ.

ಈ ತಿಂಗಳ ಕೊನೆಯವರೆಗೂ ಎಣಿಕೆ ನಡೆಯುತ್ತದೆ. ಗುಡ್ಡೆಯ ಮೇಲೆ ಈಗಲೂ ಚಳಿ. ಕೈಗವಸು ಹಾಕಿಕೊಂಡೇ ಕೂರುತ್ತೇನೆಂದು ಅಮ್ಮನಿಗೆ ಹೇಳಿ. ಮಳೆಪುಸ್ತಕದ ಏಪ್ರಿಲ್ ಪುಟದ ಫೋಟೋ ತೆಗೆದು ಕಳುಹಿಸಿ, ಸೊನ್ನೆಗಳೂ ಕಾಣುವಂತೆ.

ನಿಮ್ಮ ಮಗ