ನನ್ನ ತುಟಿ ಉಳಿಸಿದವರಿಗೆ

ನಿನ್ನೆ ತುಟಿಯ ಚಿಕಿತ್ಸೆಯ ಒಂದು ವರ್ಷದ ಚೆಕಪ್ ಮುಗೀತು. ಡಾಕ್ಟರ್ ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಉದ್ದಕ್ಕೂ ಒತ್ತಿ ನೋಡಿ, "ಮೆತ್ತಗಿದೆ, ಎಲ್ಲೂ ಗಂಟಿಲ್ಲ" ಅಂದರು. ಹೊರಗೆ ಬಂದು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಮೊದಲ ನಮಸ್ಕಾರ ನನ್ನ ಹಲ್ಲಿನ ಡಾಕ್ಟರಿಗೆ. ಹಲ್ಲು ಕ್ಲೀನ್ ಮಾಡಿಸೋಕೆ ಬಂದವನ ತುಟಿ ನೋಡಿ, "ಇದು ಎಷ್ಟು ದಿನದಿಂದ ಹೀಗಿದೆ?" ಅಂತ ಕೇಳಿದಿರಿ. ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು, ತುಟಿ ಮುಗಿದು ಚರ್ಮ ಶುರುವಾಗುವ ಗೆರೆಯೇ ಮಾಸಿಹೋಗಿತ್ತು. 20 ವರ್ಷ ಬಿಸಿಲಲ್ಲೇ ದುಡಿದವನಿಗೆ ತುಟಿ ಒಡೆಯೋದು ಮಾಮೂಲಿ ಅಂದುಕೊಂಡಿದ್ದೆ. ನೀವು ಹಲ್ಲಿನ ಕೆಲಸ ಪಕ್ಕಕ್ಕಿಟ್ಟು ಚರ್ಮದ ಡಾಕ್ಟರಿಗೆ ಚೀಟಿ ಬರೆದುಕೊಟ್ಟಿರಿ. ತುಟಿಯ ಸಣ್ಣ ಚೂರು ತೆಗೆದು ಮಾಡಿದ ಪರೀಕ್ಷೆಯಲ್ಲಿ (ಬಯಾಪ್ಸಿ) ಆಕ್ಟಿನಿಕ್ ಕೀಲೈಟಿಸ್ ಅಂತ ಬಂತು, ಅಂದ್ರೆ ವರ್ಷಗಟ್ಟಲೆ ಬಿಸಿಲು ಬಿದ್ದು ತುಟಿ ಕೆಡೋದು. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ಆಗಬಹುದಾಗಿತ್ತು.

ಚರ್ಮದ ಡಾಕ್ಟರೇ, ಆಪರೇಷನ್, ಲೇಸರ್, ಫೋಟೋಡೈನಾಮಿಕ್ ಥೆರಪಿ (ಕ್ರೀಮ್ ಹಚ್ಚಿ ಬೆಳಕು ಬಿಡುವ ಚಿಕಿತ್ಸೆ) ಎಲ್ಲವನ್ನೂ ನೀವು ಬಿಡಿಸಿ ಹೇಳಿದಿರಿ. ನನಗೆ ಕೊನೆಯದನ್ನೇ ಮಾಡೋದು ಅಂತಾಯ್ತು. ಹಚ್ಚಿದ ಕ್ರೀಮನ್ನು ಕೆಟ್ಟ ಜೀವಕೋಶಗಳು ಜಾಸ್ತಿ ಹೀರಿಕೊಂಡು ಬೆಳಕಿಗೆ ಕೆರಳುವ ವಸ್ತುವನ್ನು ತಮ್ಮೊಳಗೇ ಮಾಡಿಕೊಳ್ಳುತ್ತವೆ, ಕೆಂಪು ಬೆಳಕು ಬಿದ್ದಾಗ ಅದರಿಂದಲೇ ಸಾಯುತ್ತವೆ ಅಂತ ನೀವು ಹೇಳಿದ ಮೇಲೆ ನನ್ನ ಭಯ ಅರ್ಧ ಇಳಿಯಿತು. "ಮತ್ತೆ ಬರಬಹುದು, ಚೆಕಪ್ ತಪ್ಪಿಸಬೇಡಿ" ಅಂತಲೂ ಮುಚ್ಚಿಡದೆ ಹೇಳಿದಿರಿ, ಅದಕ್ಕೆ ಇನ್ನೂ ದೊಡ್ಡ ಥ್ಯಾಂಕ್ಸ್.

ಇನ್ನು ಆ ಸಿಸ್ಟರ್. ಕ್ರೀಮ್ ಹಚ್ಚಿ, ಬೆಳಕು ತಾಗದಂತೆ ಮುಚ್ಚಿ, 3 ಗಂಟೆ ಕಾಯಿಸಿ, ಆಮೇಲೆ ಕಣ್ಣಿಗೆ ಕನ್ನಡಕ ಹಾಕಿ ಲೈಟ್ ಹಚ್ಚಿದರು. ನೋವಾಗುತ್ತೆ ಅಂತ ಗೊತ್ತಿತ್ತು, ಇಷ್ಟು ಅಂತ ಗೊತ್ತಿರಲಿಲ್ಲ. ತುಟಿಯುದ್ದಕ್ಕೂ ಕಾದ ಸೂಜಿ ಸಾಲಾಗಿ ಚುಚ್ಚಿದ ಹಾಗೆ ಉರಿ. ಸಿಸ್ಟರ್, ನೀವು ತಣ್ಣೀರು ಚಿಮುಕಿಸುತ್ತಾ, ನನ್ನ ಕೈ ಬಿಡದೆ, "ಅರ್ಧ ಆಯ್ತು... ಇನ್ನೆರಡೇ ನಿಮಿಷ" ಅಂತ ಎಣಿಸುತ್ತಿದ್ದಿರಿ ಅಲ್ವಾ, ಆ ದನಿ ಹಿಡಿದುಕೊಂಡೇ ನಾನು ಕೂತಿದ್ದು.

ಮನೆಯಲ್ಲಿ ತುಟಿಗೆ ಬೆಳಕು ಬೀಳದಂತೆ ಎರಡು ದಿನ ಪರದೆ ಎಳೆದಿಟ್ಟವಳು ನನ್ನ ಹೆಂಡತಿ. ತುಟಿ ಊದಿ ಬಾಯಿ ತೆರೆಯಲಾಗದಾಗ ಆರಿಸಿ ಆರಿಸಿ ಚಮಚದಲ್ಲಿ ತಿನ್ನಿಸಿದಳು. ಹತ್ತನೇ ದಿನ ಹಕ್ಕಳೆ ಉದುರಿ ಕೆಳಗಿನ ಎಳೆ ಚರ್ಮ ಕಂಡಾಗ ಕನ್ನಡಿ ತಂದು ಹಿಡಿದವಳೂ ಅವಳೇ. ಈಗ ಬೆಳಗ್ಗೆ ನಾನು ಹೊರಡುವಾಗ ಮಗಳು ಬಂದು ಜೇಬು ಮುಟ್ಟಿ ನೋಡುತ್ತಾಳೆ, ಬಿಸಿಲು ತಡೆಯುವ ಎಸ್‌ಪಿಎಫ್ 30ರ ಲಿಪ್ ಬಾಮ್ ಇದೆಯಾ ಅಂತ. ಅಗಲ ಅಂಚಿನ ಟೋಪಿ ಅವಳೇ ಕೊಡಿಸಿದ್ದು.

ಹಲ್ಲಿನ ಡಾಕ್ಟರೇ, ಅವತ್ತು ಬಾಕಿ ಉಳಿದ ಕ್ಲೀನಿಂಗಿಗೆ ಮುಂದಿನ ವಾರ ಬರುತ್ತೇನೆ. ತುಟಿಯನ್ನೂ ಇನ್ನೊಮ್ಮೆ ನೋಡಿಬಿಡಿ.