ನಿದ್ದೆಯ ರೋಗಿಯನ್ನು ಕುಡುಕ ಮಾಡಿದಿರಿ

ಮಾನ್ಯರೇ,

ಸೋಮವಾರದ ಸಂಚಿಕೆಯಲ್ಲಿ ‘ಕೌಂಟರ್ ಮುಂದೆಯೇ ಕುಡುಕನ ಗಡದ್ದು ನಿದ್ದೆ’ ಎಂದು ಫೋಟೊ ಸಮೇತ ಹಾಕಿದ್ದೀರಲ್ಲ, ಆ ಫೋಟೊದಲ್ಲಿರುವವನು ನಾನು. ನಾನು ಸೆರೆ ಮುಟ್ಟಿದವನಲ್ಲ. ನನಗಿರುವುದು ನಾರ್ಕೊಲೆಪ್ಸಿ, ಹಗಲಲ್ಲೂ ತಡೆಯಲಾರದ ನಿದ್ದೆ ಬರುವ ರೋಗ. ಮುಖ ಮಸುಕು ಮಾಡಿದ್ದೇವಲ್ಲ ಎಂದು ನಿಮ್ಮವರು ಫೋನಿನಲ್ಲಿ ಹೇಳಿದರು. ಅಂಗಿ, ಚೀಲ ನೋಡಿದರೆ ಸಾಕು, ಬೆಟಗೇರಿಯಲ್ಲಿ ನನ್ನನ್ನು ಗುರುತು ಹಿಡಿಯದವರು ಯಾರಿದ್ದಾರೆ? ಅಂಗಡಿ ಮಾಲೀಕರು ಮರುದಿನವೇ ಕರೆದು ‘ಸ್ವಲ್ಪ ದಿನ ಮನಿಯಾಗ ಇರು’ ಎಂದರು. ಮಗಳು ಶಾಲೆಯಿಂದ ಅಳುತ್ತ ಬಂದಳು. ಬೀಗರು ಫೋನು ಮಾಡಿ ಸುತ್ತಿಬಳಸಿ ಅದನ್ನೇ ಕೇಳುತ್ತಾರೆ.

ಹಾಕುವ ಮುಂಚೆ ಒಬ್ಬ ಡಾಕ್ಟರನ್ನಾದರೂ ಕೇಳಬಹುದಿತ್ತು. ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಒರೆಕ್ಸಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳಿರುತ್ತವೆ. ನಾವು ಎಚ್ಚರವಾಗಿರುವುದು ಆ ಒರೆಕ್ಸಿನ್‌ನಿಂದ. ಅದು ಪತ್ತೆಯಾದದ್ದೇ 1998ರಲ್ಲಿ. ನನ್ನಂಥವರಲ್ಲಿ ಆ ಕೋಶಗಳು ಬಹುತೇಕ ಸತ್ತಿರುತ್ತವೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಅವನ್ನು ಕೊಲ್ಲುತ್ತದೆ ಎಂಬುದಕ್ಕೆ ಬಲವಾದ ಪುರಾವೆಗಳಿವೆ. ಅದಕ್ಕೆ ದಾರಿ ಮಾಡುವ ಜೀನ್ ಕೂಡ ಉಂಟು, ಆದರೆ ಅದು ಇದ್ದವರಿಗೆಲ್ಲ ರೋಗ ಬರುವುದಿಲ್ಲ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ, ಮಾತ್ರೆ ನುಂಗಿ ಹಗಲು ದೂಡಬೇಕು. ಜೋರಾಗಿ ನಕ್ಕರೆ ಮೊಣಕಾಲು ಕುಸಿಯುತ್ತದೆ, ಪ್ರಜ್ಞೆ ಪೂರ್ತಿ ಇದ್ದರೂ ಮಾತು ತೊದಲುತ್ತದೆ. ಹಾಗಾಗಿ ನಾನು ಮದುವೆ-ಮುಂಜಿಯಲ್ಲಿ ಗೆಳೆಯರ ಜತೆ ಕೂಡುವುದನ್ನೇ ಬಿಟ್ಟಿದ್ದೇನೆ. ವರ್ಷಗಟ್ಟಲೆ ಫಿಟ್ಸ್ ಎಂದು ಮಾತ್ರೆ ಕೊಟ್ಟರು, ಅವ್ವ ಹರಕೆ ಹೊತ್ತಳು. ಬೆಂಗಳೂರಿನಲ್ಲಿ ರಾತ್ರಿಯಿಡೀ ವೈರು ಹಚ್ಚಿ, ಮರುದಿನ ಎರಡೆರಡು ತಾಸಿಗೊಮ್ಮೆ ಮಲಗಿಸಿ ನೋಡಿದ ಮೇಲೆಯೇ ಗೊತ್ತಾದದ್ದು.

ಅವತ್ತು ಮನೆಯ ದಾಖಲೆ ಉತಾರಕ್ಕೆಂದು ಮುಂಜಾನೆಯೇ ಸರ್ಕಾರಿ ಕಚೇರಿಗೆ ಹೋಗಿದ್ದೆ. ಸಾಹೇಬರು ಬಂದದ್ದು ಮಧ್ಯಾಹ್ನ ಊಟದ ನಂತರ. ಟೋಕನ್ ಬೋರ್ಡು ಕೆಟ್ಟು ಎಷ್ಟು ಕಾಲವಾಯಿತೋ. ಡಾಕ್ಟರ ಚೀಟಿ ಅಂಗಿ ಕಿಸೆಯಲ್ಲೇ ಇತ್ತು. ಮೊಬೈಲು ಎತ್ತಿದ ಸಿಬ್ಬಂದಿ ಅದರ ಬದಲು ನನ್ನ ಭುಜ ಅಲುಗಾಡಿಸಬಾರದಿತ್ತೇ? ಎದ್ದ ಮೇಲೆ ಕೇಳಿದ ಮೊದಲ ಮಾತು: ‘ಏನ್ರೀ, ಮುಂಜಾನೆನ ಹಾಕ್ಕೊಂಡ ಬಂದೀರೇನು?’

ಸರ್ಕಾರಿ ಕಚೇರಿಯವರದು ಯಾವಾಗಲೂ ಇದೇ ಹಾಡು. ಅಂಗವಿಕಲರ ಕಾರ್ಡಿಗೆ ಹೋದಾಗ ‘ಕೈಕಾಲು ಗಟ್ಟಿ ಅದಾವಲ್ಲ’ ಎಂದು ವಾಪಸು ಕಳಿಸಿದ್ದರು. 2016ರ ಕಾಯ್ದೆಯಲ್ಲಿ ದೀರ್ಘಕಾಲದ ನರರೋಗವೂ ಇದೆ ಎಂದರೆ ‘ಆರ್ಡರ್ ತಗೊಂಡು ಬರ್ರಿ’ ಅಂದರು. ಇನ್ನು ನೀರು! ನಳ ಯಾವಾಗ ಬರುತ್ತದೆಂದು ಹೇಳುವವರಿಲ್ಲ, ಬಂದರೆ ನಡುರಾತ್ರಿ. ಮೊದಲೇ ರಾತ್ರಿ ನಿದ್ದೆ ಹರಿಯುವ ರೋಗ, ಅದರಲ್ಲಿ ಕೊಡ ಹಿಡಿದು ಕಾಯಬೇಕು.

ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ ತಿದ್ದುಪಡಿ ಹಾಕಿ. ಫೋಟೊ ತೆಗೆದವರ ಮೇಲೆ ಕ್ರಮ ಆಗಬೇಕು, ಬೋರ್ಡು ರಿಪೇರಿಯಾಗಬೇಕು, ನೀರು ಹಗಲು ಬಿಡಬೇಕು. ಮೇಲಿನವರು ಏನಾದರೂ ಮಾಡಲಿ. ರೋಗಿಯ ಮರ್ಯಾದೆ ತೆಗೆಯಲು ಫೋಟೊ ಹಿಡಿದವರಿಗೂ ಅಚ್ಚು ಹಾಕಿದವರಿಗೂ ನಾಚಿಕೆಯಾಗಬೇಕು.

– ನೊಂದ ಓದುಗ, ಬೆಟಗೇರಿ