ಇನ್ವರ್ಟರ್ ಪೆಟ್ಟಿಗೆಯ ಮೇಲೆ ಗಂಟೆಯ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂದಾಗ ಇನ್ವರ್ಟರ್ ಅಂಗಡಿಗೆ ಹೋದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಕರೆಂಟು ಹೋದರೆ ಎಷ್ಟು ಹೊತ್ತು ಬರುತ್ತದೆ?’ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ನಾಲ್ಕು ಲೈಟು, ಮೂರು ಫ್ಯಾನು, ಒಂದು ಟಿ.ವಿ., ಆರಾಮಾಗಿ ಐದಾರು ಗಂಟೆ.’ ಯಾವ ಫ್ಯಾನು, ಎಷ್ಟು ವ್ಯಾಟಿನ ಟಿ.ವಿ., ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುತ್ತದೆಯೇ ಎಂಬುದನ್ನು ಅಂಗಡಿಯವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಎರಡು ವರ್ಷ ಕಳೆದು ಬ್ಯಾಟರಿ ಅರ್ಧ ಗಂಟೆಗೇ ಕೈಕೊಟ್ಟಾಗ ಕಂಪನಿಯನ್ನು ಬೈದು ಇನ್ನೊಂದು ಕೊಳ್ಳುತ್ತೇವೆ.

ಬ್ಯಾಟರಿಯ ಮೇಲೆ ದಪ್ಪಕ್ಷರದಲ್ಲಿ ಇರುವುದು 150 ಎ.ಎಚ್. (ಆಂಪಿಯರ್-ಅವರ್, ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ), ಇನ್ವರ್ಟರ್ ಮೇಲೆ 900 ವಿ.ಎ. (ವೋಲ್ಟ್-ಆಂಪಿಯರ್, ಅದು ಒಮ್ಮೆಗೆ ಹೊರಬಲ್ಲ ಲೋಡಿನ ಅಳತೆ). ಮನೆ ನಡೆಸುವವರಿಗೆ ಈ ಎರಡು ಸಂಖ್ಯೆಗಳಿಂದ ಏನೂ ಗೊತ್ತಾಗುವುದಿಲ್ಲ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಅದೇ ರೀತಿ ಇನ್ವರ್ಟರ್-ಬ್ಯಾಟರಿ ಜೋಡಿಯಾಗಿ ಮಾರುವಾಗ ‘300 ವ್ಯಾಟ್ ಲೋಡಿಗೆ ಇಷ್ಟು ಗಂಟೆ’ ಎಂಬ ಒಂದು ಸಾಲು ಎಲ್ಲ ಕಂಪನಿಗೂ ಕಡ್ಡಾಯವಾಗಬೇಕು. ಯಾಕೆ ಎನ್ನುವುದಕ್ಕೆ ಲೆಕ್ಕ ಇಲ್ಲಿದೆ.

150 ಎ.ಎಚ್. ಅಂದರೆ ಸಾಮಾನ್ಯವಾಗಿ 20 ಗಂಟೆಯ ಲೆಕ್ಕ. ಏಳೂವರೆ ಆಂಪಿಯರ್‌ನಂತೆ ನಿಧಾನವಾಗಿ ಎಳೆದರೆ ಮಾತ್ರ 20 ಗಂಟೆ ಬರುತ್ತದೆ. ಏಳೂವರೆ ಆಂಪಿಯರ್ ಎಂದರೆ 12 ವೋಲ್ಟಿನಲ್ಲಿ 90 ವ್ಯಾಟ್. ಇನ್ವರ್ಟರ್ ತಾನು ತಿನ್ನುವುದನ್ನು ಕಳೆದರೆ ಉಳಿಯುವುದು 75 ವ್ಯಾಟ್ ಚಿಲ್ಲರೆ, ಅಂದರೆ ಒಂದೇ ಒಂದು ಹಳೆ ಫ್ಯಾನು. ಒಂದೇ ಫ್ಯಾನು ಹಾಕಿಕೊಂಡು 20 ಗಂಟೆ ಕೂರಲು ಯಾರೂ ಇನ್ವರ್ಟರ್ ಕೊಳ್ಳುವುದಿಲ್ಲವಲ್ಲ. ಜೋರಾಗಿ ಎಳೆದಷ್ಟೂ ಬ್ಯಾಟರಿಯಿಂದ ಸಿಗುವ ಒಟ್ಟು ಶಕ್ತಿ ಇಳಿಯುತ್ತದೆ. 300 ವ್ಯಾಟ್ ಲೋಡಿಗೆ ಬ್ಯಾಟರಿ ಸುಮಾರು 360 ವ್ಯಾಟ್, ಅಂದರೆ 30 ಆಂಪಿಯರ್ ಕೊಡಬೇಕು. ಆ ವೇಗದಲ್ಲಿ ಹೊಸ ಬ್ಯಾಟರಿಯಿಂದಲೂ 120 ಎ.ಎಚ್. ಆಸುಪಾಸು ಮಾತ್ರ ಸಿಗುತ್ತದೆ. ಅಲ್ಲಿಗೆ ನಾಲ್ಕು ಗಂಟೆ. 150ನ್ನು 12ರಿಂದ ಗುಣಿಸಿ 300ರಿಂದ ಭಾಗಿಸಿದರೆ ಬರುವ ಆರು ಗಂಟೆ ಬರೀ ಕಾಗದದ ಲೆಕ್ಕ. ಕೆಲವು ಬ್ಯಾಟರಿಗಳ ಮೇಲೆ ಎ.ಎಚ್. ಪಕ್ಕದಲ್ಲಿ ಸಿ10 ಅಥವಾ ಸಿ20 ಎಂದು ಸಣ್ಣಕ್ಷರದಲ್ಲಿರುತ್ತದೆ. ಎ.ಎಚ್. ಒಂದೇ ಇದ್ದರೆ ಸಿ10 ಇರುವುದೇ ಮೇಲು, ಏಕೆಂದರೆ ಅದು 10 ಗಂಟೆಯಲ್ಲಿ ಖಾಲಿ ಮಾಡಿ ಅಳೆದದ್ದು.

ಮೂರು ಹಳೆ ಫ್ಯಾನು 225 ವ್ಯಾಟ್, ನಾಲ್ಕು ಎಲ್‌ಇಡಿ ಬಲ್ಬು 36, ಸಣ್ಣ ಟಿ.ವಿ. 50, ವೈಫೈ ರೂಟರ್ 10, ಒಟ್ಟು 321. ಹೊಸ ಬ್ಯಾಟರಿಯಲ್ಲೂ ಇದು ನಾಲ್ಕು ಗಂಟೆ ತುಂಬುವುದಿಲ್ಲ. ಈಗ ದೊಡ್ಡ ಬ್ಯಾಟರಿ ಕೊಳ್ಳುವ ಬದಲು ಆ ಮೂರು ಫ್ಯಾನನ್ನು ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಮೋಟರಿನ ಫ್ಯಾನಿಗೆ ಬದಲಿಸಿ ನೋಡಿ. ಒಂದಕ್ಕೆ 30 ವ್ಯಾಟ್ ಹಿಡಿದರೆ ಒಟ್ಟು ಲೋಡು 186ಕ್ಕೆ ಇಳಿಯುತ್ತದೆ. ನಿಧಾನವಾಗಿ ಎಳೆಯುವುದರಿಂದ ಬ್ಯಾಟರಿಯೂ ಹೆಚ್ಚು ಕೊಡುತ್ತದೆ, ಏಳು ಗಂಟೆಯ ಹತ್ತಿರ ಹೋಗುತ್ತದೆ. ಬಿಎಲ್‌ಡಿಸಿ ಫ್ಯಾನಿಗೆ ಗೋಡೆಯ ಹಳೆ ರೆಗ್ಯುಲೇಟರ್ ಇರಬಾರದು, ಅದನ್ನು ತೆಗೆಸಿ ನೇರ ಸ್ವಿಚ್ಚು ಕೊಡಿಸಿ. ವೇಗದ ಕೆಲಸ ರಿಮೋಟಿನದು. ಸ್ಕ್ವೇರ್ ವೇವ್ ಇನ್ವರ್ಟರ್ ಅಗ್ಗ ಎಂದು ತಂದವರ ಮನೆಯಲ್ಲಿ ಹಳೆ ಫ್ಯಾನು ರಾತ್ರಿಯಿಡೀ ಗುಂಯ್‌ಗುಡುತ್ತದೆ, ಮೋಟರೂ ಬಿಸಿಯಾಗುತ್ತದೆ. ಇವತ್ತಿನ ದಿನ, ಲೈನಿನ ಕರೆಂಟಿನಂಥದೇ ಕರೆಂಟು ಕೊಡುವ ಸೈನ್ ವೇವ್ ಬಿಟ್ಟು ಬೇರೆಯದನ್ನು ಕೊಳ್ಳಲು ಕಾರಣವೇ ಇಲ್ಲ.

900 ವಿ.ಎ. ಎಂದರೆ 900 ವ್ಯಾಟ್ ಅಲ್ಲ, 700ರಿಂದ 750. ಮಿಕ್ಸಿ ಒಂದೇ 500ರಿಂದ 750 ತಿನ್ನುತ್ತದೆ. ಫ್ರಿಜ್ ಓಡುವಾಗ 150 ವ್ಯಾಟ್ ಇದ್ದರೂ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಇವೆರಡನ್ನೂ, ನೀರೆತ್ತುವ ಮೋಟರನ್ನೂ ಇನ್ವರ್ಟರ್ ಲೈನಿನಿಂದ ಹೊರಗಿಡಿ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಬೇರೆಯೇ ಇಟ್ಟುಕೊಳ್ಳಿ. 10 ವ್ಯಾಟಿನ ಪೆಟ್ಟಿಗೆಗಾಗಿ ತಾನೇ ಹತ್ತಿಪ್ಪತ್ತು ವ್ಯಾಟ್ ನುಂಗುವ ಇನ್ವರ್ಟರನ್ನು ಓಡಿಸುವುದು ಇಲಿ ಹಿಡಿಯಲು ಬೆಟ್ಟ ಅಗೆದ ಹಾಗೆ.

ಬ್ಯಾಟರಿ ಬೇಗ ಸಾಯುವುದು ಹೆಚ್ಚಾಗಿ ಚಾರ್ಜಿಂಗಿನಲ್ಲಿ. 120 ಎ.ಎಚ್. ಖಾಲಿಯಾದರೆ 15 ಆಂಪಿಯರ್ ಚಾರ್ಜರಿನಲ್ಲಿ ಲೆಕ್ಕಕ್ಕೆ ಎಂಟು ಗಂಟೆ. ಕೊನೆಯ ಭಾಗ ನಿಧಾನ, ನಷ್ಟವೂ ಇದೆ, ಆದ್ದರಿಂದ ನಿಜವಾಗಿ 10ರಿಂದ 12 ಗಂಟೆ. ಬೆಳಿಗ್ಗೆ ಮೂರು ಗಂಟೆ ಹೊತ್ತು, ಸಂಜೆ ಮೂರು ಗಂಟೆ ಹೊತ್ತು ಕರೆಂಟು ಹೋಗುವ ಊರಿನಲ್ಲಿ ಬ್ಯಾಟರಿ ಪೂರ್ತಿ ತುಂಬುವುದು ಕಷ್ಟ. ಅರ್ಧ ತುಂಬಿ ಅರ್ಧ ಖಾಲಿಯಾಗುತ್ತಾ ಇದ್ದರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಬಿಳಿ ಹರಳಾಗಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. 2023ರ ಬರದ ವರ್ಷದಂತೆ ದಿನವೂ ಪದೇಪದೇ ಕರೆಂಟು ಹೋದರೆ ಒಂದೇ ವರ್ಷದಲ್ಲಿ ಬ್ಯಾಟರಿ ಮುದಿಯಾಗಲು ಅಷ್ಟು ಸಾಕು.

ಹಳ್ಳಿಗಳಲ್ಲಿ ಇದರ ಮೇಲೆ ಇನ್ನೊಂದು ತೊಂದರೆ. ಹೆಚ್ಚಿನ ಇನ್ವರ್ಟರುಗಳ ಹಿಂಬದಿಯಲ್ಲಿ ಯುಪಿಎಸ್, ಇಕೋ ಎಂಬ ಪುಟ್ಟ ಸ್ವಿಚ್ಚು ಇರುತ್ತದೆ. ಯುಪಿಎಸ್ ಕಡೆಗಿದ್ದರೆ ಸುಮಾರು 180 ವೋಲ್ಟಿಗಿಂತ ಕಡಿಮೆ ಬಂದ ಕೂಡಲೇ ಇನ್ವರ್ಟರ್ ಲೈನನ್ನು ಬಿಟ್ಟು ಬ್ಯಾಟರಿಗೆ ಹೋಗುತ್ತದೆ. ಸಂಜೆ ವೋಲ್ಟೇಜ್ 170ಕ್ಕೆ ಕುಸಿಯುವ ಮನೆಯಲ್ಲಿ ಕರೆಂಟು ಇದ್ದೂ ಬ್ಯಾಟರಿ ಖಾಲಿಯಾಗುತ್ತದೆ, ಚಾರ್ಜೂ ಆಗುವುದಿಲ್ಲ. ಸ್ವಿಚ್ಚನ್ನು ಇಕೋ ಕಡೆಗೆ ತಳ್ಳಿದರೆ ಮುಗಿಯಿತು, 100 ವೋಲ್ಟಿನ ಆಸುಪಾಸಿನವರೆಗೂ ಲೈನನ್ನೇ ಬಳಸುತ್ತದೆ. ಕರೆಂಟು ಹೋದಾಗ ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಆಗಬಹುದು, ಅಷ್ಟೇ. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಕಷ್ಟ ತಿರುಗಾಮುರುಗಾ: ಕರೆಂಟು ಹೋಗುವುದೇ ಅಪರೂಪ, ಬ್ಯಾಟರಿ ವರ್ಷಪೂರ್ತಿ ಚಾರ್ಜಿನಲ್ಲೇ ಇದ್ದು ನೀರು ಆರುತ್ತದೆ. ಅಂಥವರು ತಿಂಗಳಿಗೊಮ್ಮೆ ಇನ್ವರ್ಟರಿನ ಇನ್‌ಪುಟ್ ಸ್ವಿಚ್ ಆಫ್ ಮಾಡಿ ಒಂದೆರಡು ಗಂಟೆ ಬ್ಯಾಟರಿಯ ಮೇಲೆ ಓಡಿಸಬೇಕು. ಅಂದಹಾಗೆ, ಬ್ಯಾಟರಿ ತುಂಬಿದ ಮೇಲೂ ಇನ್ವರ್ಟರ್ 15 ವ್ಯಾಟ್ ತಿನ್ನುತ್ತಿದ್ದರೆ ತಿಂಗಳಿಗೆ ಹತ್ತು-ಹನ್ನೊಂದು ಯೂನಿಟ್. ಗೃಹಜ್ಯೋತಿಯ ಮಿತಿ ಸ್ವಲ್ಪದರಲ್ಲೇ ದಾಟುತ್ತಿರುವ ಮನೆಯವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಇನ್ನು ನೀರು. ಬ್ಯಾಟರಿಯಿಂದ ಹೋಗುವುದು ನೀರು ಮಾತ್ರ, ಆಮ್ಲ ಅಲ್ಲ. ಆದ್ದರಿಂದ ಹಾಕಬೇಕಾದದ್ದೂ ನೀರು ಮಾತ್ರ, ಅದೂ ಡಿಸ್ಟಿಲ್ಡ್ ವಾಟರ್. ‘ಪವರ್ ಕಡಿಮೆಯಾಗಿದೆ, ಸ್ವಲ್ಪ ಆಸಿಡ್ ಹಾಕೋಣ’ ಎನ್ನುವ ಮೆಕ್ಯಾನಿಕ್ಕನ್ನು ಬಾಗಿಲಿನಿಂದಲೇ ಕಳಿಸಿಬಿಡಿ. ಎರಡು ವಾರ ಚೆನ್ನಾಗಿ ಓಡಿ ಆಮೇಲೆ ತಟ್ಟೆಗಳು ತಿಂದುಹೋಗುತ್ತವೆ. ಕುದಿಸಿ ಆರಿಸಿದ ನೀರು ನಡೆಯುತ್ತದೆ ಎನ್ನುವವರಿದ್ದಾರೆ. ಕುದಿಸಿದರೆ ಆವಿಯಾಗಿ ಹೋಗುವುದು ನೀರು, ಕ್ಲೋರೈಡಿನಂಥ ಲವಣ ಉಳಿದ ನೀರಿನಲ್ಲೇ ಇರುತ್ತದೆ. ಆರ್‌ಓ ನೀರಿನಲ್ಲೂ ಕುಡಿಯಲು ರುಚಿ ಕೊಡುವಷ್ಟು ಲವಣ ಉಳಿದಿರುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಸ್ವಚ್ಛವಾಗಿ ಕಂಡರೂ ಕಾಯಿಲಿನ ಧೂಳು, ಲೋಹದ ಅಂಶ ಹೊತ್ತು ಬರುತ್ತದೆ. ಕ್ಲೋರೈಡ್ ತಟ್ಟೆಯನ್ನು ತಿನ್ನುತ್ತದೆ. ಕಬ್ಬಿಣದ ಅಂಶ ಇದ್ದರೆ ಬ್ಯಾಟರಿ ಸುಮ್ಮನಿದ್ದರೂ ತಾನೇ ಖಾಲಿಯಾಗುತ್ತದೆ. ‘ಬ್ಯಾಟರಿ ವಾಟರ್’ ಎಂದು ಕ್ಯಾನಿನಲ್ಲಿ ಮಾರುವುದನ್ನೂ ಕಣ್ಣು ಮುಚ್ಚಿ ನಂಬಬೇಡಿ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್ ಅದ್ದಿ ನೋಡಿ. 10ರ ಒಳಗೆ ತೋರಿಸದಿದ್ದರೆ ವಾಪಸು ಕೊಡಿ.

ನೀರು ಹಾಕುವ ಹೊತ್ತೂ ಮುಖ್ಯ. ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ, ಆರೂ ಮುಚ್ಚಳದ ತೇಲುಬೆಂಡನ್ನು ನೋಡಿಕೊಂಡು ಹಸಿರು ಗುರುತಿನವರೆಗೆ ಮಾತ್ರ. ಖಾಲಿ ಬ್ಯಾಟರಿಗೆ ಕಂಠಮಟ್ಟ ತುಂಬಿದರೆ ಚಾರ್ಜ್ ಆಗುವಾಗ ದ್ರಾವಣ ಉಬ್ಬಿ ಆಮ್ಲ ಹೊರಗೆ ಚೆಲ್ಲುತ್ತದೆ, ಟ್ರಾಲಿ ತುಕ್ಕು ಹಿಡಿಯುತ್ತದೆ, ನೆಲದ ಟೈಲ್ಸ್ ಕಲೆಯಾಗುತ್ತದೆ. ಚೆಲ್ಲಿದ್ದರ ಮೇಲೆ ಅಡುಗೆ ಸೋಡಾ ಉದುರಿಸಿ ನೊರೆ ನಿಂತ ಮೇಲೆ ಒರೆಸಿ. ಟರ್ಮಿನಲ್ಲಿಗೆ ಬಿಳಿ-ಹಸಿರು ಹೂ ಬಂದಿದ್ದರೆ ಇನ್ವರ್ಟರ್ ಆಫ್ ಮಾಡಿ, ಮೊದಲು ನೆಗೆಟಿವ್ ಬಿಚ್ಚಿ, ಸೋಡಾ ಬೆರೆಸಿದ ಬಿಸಿನೀರಿನಿಂದ ಉಜ್ಜಿ, ಒಣಗಿಸಿ, ಬಿಗಿಯಾಗಿ ಕಟ್ಟಿ ಪೆಟ್ರೋಲಿಯಂ ಜೆಲ್ಲಿ ಸವರಿ. ಕೈಯ ಉಂಗುರ, ಬಳೆ ತೆಗೆದಿಡಿ. ಎರಡು ಟರ್ಮಿನಲ್ಲಿನ ಮಧ್ಯೆ ಸ್ಪ್ಯಾನರ್ ತಾಗಿದರೆ ಅದು ಬೆಸುಗೆಯ ಕಡ್ಡಿಯಂತೆ ಕಿಡಿ ಕಾರುತ್ತದೆ.

ಬ್ಯಾಟರಿಯ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟುಕೊಂಡರೆ ಮೆಕ್ಯಾನಿಕ್ಕಿನ ಮಾತನ್ನು ತೂಗಿ ನೋಡಬಹುದು. ಚಾರ್ಜ್ ಆದ ಟ್ಯೂಬುಲರ್ ಬ್ಯಾಟರಿಯ (ಇನ್ವರ್ಟರಿಗೆ ಸಾಮಾನ್ಯವಾಗಿ ಬಳಸುವ ಸೀಸದ ಬ್ಯಾಟರಿ) ಪ್ರತಿ ಕೋಶವೂ 1.240ರ ಸುತ್ತ ತೋರಿಸಬೇಕು. ಆರೂ ಒಂದೇ ಸಮನಾಗಿ 1.200 ಇದ್ದರೆ ಅದು ಚಾರ್ಜ್ ಸಾಲದ ಲಕ್ಷಣ, 24 ಗಂಟೆ ಬಿಟ್ಟು ನೋಡಿ. ಐದು 1.230 ಇದ್ದು ಒಂದು ಮಾತ್ರ 1.140 ಇದ್ದರೆ ಆ ಕೋಶ ಮುಗಿದಿದೆ. ವಾರಂಟಿ ಕೇಳಬೇಕಾದದ್ದು ಆಗಲೇ.

ಬ್ಯಾಟರಿಯನ್ನು ಎಲ್ಲಿಡುತ್ತೇವೆ ಎಂಬುದರ ಬಗ್ಗೆ ನಮ್ಮ ಮನೆಗಳಲ್ಲಿ ಭಾರೀ ಉದಾಸೀನ. ಮೆಟ್ಟಿಲ ಕೆಳಗಿನ ಗೂಡು, ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ದೇವರ ಪಟ, ಎದುರಿಗೆ ದೀಪ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಮೇಲಕ್ಕೇ ಏರುತ್ತದೆ, ಗಾಳಿಯಲ್ಲಿ ನೂರಕ್ಕೆ ನಾಲ್ಕರಷ್ಟು ಸೇರಿದರೆ ಹೊತ್ತಿಕೊಳ್ಳುತ್ತದೆ. ದೇವರ ಮನೆ ಬೇರೆ ಕಡೆ ಇರಲಿ, ಗೂಡಿನ ಬಾಗಿಲಿಗೆ ಮೇಲೂ ಕೆಳಗೂ ಜಾಲರಿ ಇರಲಿ. ಇನ್ವರ್ಟರನ್ನು ಹಾಲಿನಲ್ಲಿಟ್ಟು ಬ್ಯಾಟರಿಯನ್ನು ಹಿತ್ತಲಿಗೆ ಕಳಿಸಿ ನಡುವೆ ಸಪೂರ ವೈರು ಎಳೆಯುವುದೂ ಬೇಡ. 50-60 ಆಂಪಿಯರ್ ಹರಿಯುವ ದಾರಿ ಅದು. ಅರ್ಧ ವೋಲ್ಟು ವೈರಿನಲ್ಲೇ ಕಳೆದರೆ ಬ್ಯಾಟರಿಯಲ್ಲಿ ಇನ್ನೂ ಚಾರ್ಜ್ ಉಳಿದಿರುವಾಗಲೇ ಇನ್ವರ್ಟರ್ ‘ಲೋ ಬ್ಯಾಟರಿ’ ಎಂದು ಕೂಗುತ್ತದೆ.

ವೈರಿಂಗಿನ ವಿಷಯದಲ್ಲಿ ಒಂದನ್ನಂತೂ ಬಿಡುವಂತಿಲ್ಲ. ಇನ್ವರ್ಟರ್ ಹಾಕಿಸಿದ ದಿನದಿಂದ ಮೇನ್ ಬೋರ್ಡಿನ ಆರ್‌ಸಿಸಿಬಿ (ವಿದ್ಯುತ್ತು ಸೋರಿದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚು) ಪದೇಪದೇ ಬೀಳುತ್ತದೆ ಎಂಬ ದೂರು ಸಾಮಾನ್ಯ. ಒಂದು ದಾರಿಯಲ್ಲಿ ಹೋದ ವಿದ್ಯುತ್ತು, ಇನ್ವರ್ಟರ್ ಲೈನೂ ಉಳಿದ ಲೈನೂ ಹಂಚಿಕೊಂಡ ನ್ಯೂಟ್ರಲ್ಲಿನಿಂದಾಗಿ ಇನ್ನೊಂದು ದಾರಿಯಲ್ಲಿ ಮರಳುತ್ತದೆ, ಆರ್‌ಸಿಸಿಬಿ ಅದನ್ನು ಸೋರಿಕೆ ಎಂದು ತಿಳಿಯುತ್ತದೆ. ಸರಿಯಾದ ಪರಿಹಾರ: ಇನ್ವರ್ಟರಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಆರ್‌ಸಿಸಿಬಿಯ ನಂತರವೇ ಕೊಟ್ಟು, ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಬೇರೆಯಾಗಿ ಎಳೆಯುವುದು. ಅದಕ್ಕೆ ಅರ್ಧ ದಿನದ ಕೆಲಸ. ಆ ಅರ್ಧ ದಿನ ಉಳಿಸಲು ಕೆಲವು ಎಲೆಕ್ಟ್ರಿಷಿಯನ್ನರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುತ್ತಾರೆ. ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿದವರ ಜೀವ ಉಳಿಸುವ ಸಾಧನ ಅದು. ಕೆಲಸ ಮುಗಿದ ಮೇಲೆ ಅದರ ‘ಟೆಸ್ಟ್’ ಗುಂಡಿ ಒತ್ತಿ, ಇನ್ವರ್ಟರಿಗೆ ಸೇರದ ಲೈನುಗಳ ಕರೆಂಟು ಕಡಿಯುವುದನ್ನು ನೋಡಿಯೇ ಹಣ ಕೊಡಿ.

ಲಿಥಿಯಂ ಬಂದ ಮೇಲೆ ನೀರಿನ ರಗಳೆ ಇಲ್ಲ, ಬೇಗ ಚಾರ್ಜ್ ಆಗುತ್ತದೆ ಎಂಬುದು ನಿಜ. 12.8 ವೋಲ್ಟಿನ 100 ಎ.ಎಚ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಜೋರು ಲೋಡಿನಲ್ಲಿ 150 ಎ.ಎಚ್. ಸೀಸದ ಬ್ಯಾಟರಿಗೆ ಹತ್ತಿರ ಹತ್ತಿರ ಬರುತ್ತದೆ. ದಿನಕ್ಕೆ ಎರಡು ಸಲ ಕರೆಂಟು ಹೋಗುವ ಕಡೆ ಹೆಚ್ಚು ಬೆಲೆ ಕೊಟ್ಟರೂ ಅದು ದಂಡವಲ್ಲ. ಆದರೆ ಹಳೆ ಇನ್ವರ್ಟರಿಗೇ ಅದನ್ನು ಸಿಕ್ಕಿಸಬೇಡಿ; ಟ್ಯೂಬುಲರ್ ಬ್ಯಾಟರಿಗೆಂದು ಮಾಡಿದ ಚಾರ್ಜರಿನ ವೋಲ್ಟೇಜು ಹೆಚ್ಚಾಗಿ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ನಡುವೆಯೇ ಕಡಿದುಬಿಡಬಹುದು. ಲಿಥಿಯಂ ಸೆಟ್ಟಿಂಗ್ ಇರುವ ಇನ್ವರ್ಟರೇ ಬೇಕು.

ಹಳೆ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ. ಅಲ್ಲಿ ಆಮ್ಲ ಚರಂಡಿಗೆ ಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದರ ವಿಲೇವಾರಿ ತಯಾರಕರ ಹೊಣೆ. ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು ಬಿಲ್ಲಿನಲ್ಲಿ ಅದರ ಬೆಲೆ ಕಳೆಸಿಕೊಳ್ಳಿ.

ಕೊನೆಗೆ ವಾರಂಟಿ. ಐದು ವರ್ಷ ಎಂದು ದೊಡ್ಡದಾಗಿ ಬರೆದಿದ್ದರೂ ಒಳಗೆ ‘36+24’ ಎಂದಿರುತ್ತದೆ. ಮೊದಲ 36 ತಿಂಗಳು ಹೊಸ ಬ್ಯಾಟರಿ, ಉಳಿದ 24 ತಿಂಗಳು ಬರೀ ರಿಯಾಯಿತಿ. ಆ ರಿಯಾಯಿತಿ ಸಿಗುವುದು ಎಂಆರ್‌ಪಿಯ ಮೇಲೆ. ಅಂಗಡಿಯಲ್ಲಿ ಎಲ್ಲರಿಗೂ ಎಂಆರ್‌ಪಿಗಿಂತ ಬಹಳ ಕಡಿಮೆಗೇ ಮಾರುವುದರಿಂದ, ವಾರಂಟಿಯವನಿಗೆ ಸಿಕ್ಕ ಬೆಲೆಯೂ ಬೀದಿಯ ಬೆಲೆಯೂ ಕೆಲವು ಸಲ ಒಂದೇ ಆಗಿಬಿಡುತ್ತದೆ. ಗೋದಾಮಿನಲ್ಲಿ ಆರೆಂಟು ತಿಂಗಳು ಕೂತ ಬ್ಯಾಟರಿ ತಿಂಗಳಿಗೆ ನೂರಕ್ಕೆ ಮೂರು-ನಾಲ್ಕರಂತೆ ತಾನೇ ಖಾಲಿಯಾಗಿ, ಮನೆಗೆ ಬರುವ ಮೊದಲೇ ಸಲ್ಫೇಟ್ ಕಟ್ಟಿಕೊಂಡಿರುತ್ತದೆ. ಹಣ ಕೊಡುವ ಮುಂಚೆ ಮಲ್ಟಿಮೀಟರಿನಲ್ಲಿ 12.5 ವೋಲ್ಟಿಗಿಂತ ಹೆಚ್ಚು ಇದೆಯೇ ಎಂದು ನೋಡಿಸಿ, ತಯಾರಾದ ತಿಂಗಳು ಕೇಳಿ. ಆ ತಿಂಗಳನ್ನು ಬ್ಯಾಟರಿಯ ಮೈಮೇಲೆ ಕಂಪನಿಗೆ ಮಾತ್ರ ತಿಳಿಯುವ ಸಂಕೇತದಲ್ಲಿ ಒತ್ತುವ ಬದಲು, 300 ವ್ಯಾಟಿನ ಗಂಟೆಯ ಲೆಕ್ಕದ ಪಕ್ಕದಲ್ಲೇ, ಕನ್ನಡದಲ್ಲೂ ಅಚ್ಚು ಹಾಕಲು ಗ್ರಾಹಕ ವ್ಯವಹಾರಗಳ ಇಲಾಖೆ ಹೇಳಲಿ.

ಇಂತಿ,
ಒಬ್ಬ ಓದುಗ, ಶಿವಮೊಗ್ಗ